ಕಿಮೋ ಕುರ್ಚಿಯ ಪಕ್ಕ ಕೂತು ನೋಡಿದ ನಾಲ್ಕು ಕಥೆಗಳು

ಅಕ್ಕನಿಗೆ ಕ್ಯಾನ್ಸರ್. ಒಟ್ಟು ಆರು ಕಿಮೋ ಆಯಿತು, 21 ದಿನಕ್ಕೊಂದರಂತೆ. ಪ್ರತಿ ಸಲ ಡ್ರಿಪ್ ಇಳಿದು ಮುಗಿಯಲು ನಾಲ್ಕೈದು ಗಂಟೆ ಬೇಕಿತ್ತು. ಹಾಡು ಬೇಡ ಅಂದಳು, ಕಾಮಿಡಿ ಬೇಡ ಅಂದಳು. "ನನ್ನ ತರ ಕಾಯಿಲೆ ಬಂದವರ ಕಥೆ ಹುಡುಕೋ. ಬರೆಯೋರಿಗೆ ಎಷ್ಟು ಗೊತ್ತಿದೆ ನೋಡೋಣ" ಅಂದಳು. ಅದೂ ಕಂತುಗಳಲ್ಲಿ ಬರುವ ಕಥೆಯೇ ಆಗಬೇಕಂತೆ. ಸಿನಿಮಾದಲ್ಲಾದರೆ ಎರಡೂವರೆ ಗಂಟೆಗೆ ಕಾಯಿಲೆಯೇ ಮುಗಿದುಹೋಗುತ್ತಲ್ಲ ಅನ್ನೋದು ಅವಳ ತಕರಾರು. (ಕಥೆ ಮೊದಲೇ ಗೊತ್ತಾಗಬಾರದು ಅನ್ನೋರು ಮುಂದೆ ಓದಬೇಡಿ. ಎಲ್ಲಾ ಹೇಳಿಬಿಟ್ಟಿದ್ದೇನೆ.)

ಮೊದಲು ಹಾಕಿದ್ದು ದಿನಾ ಬರುವ ಟಿವಿ ಧಾರಾವಾಹಿ. ನಾಯಕಿ ತಲೆ ಸುತ್ತಿ ಬಿದ್ದಳು, ರಿಪೋರ್ಟ್ ಬಂತು, ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಮೂರು ಮೂರು ಸಲ ಹೋಯಿತು. ಮಿದುಳಿನಲ್ಲಿ ಗೆಡ್ಡೆ. ಗಂಡನಿಗೆ ಗೊತ್ತಾಗಬಾರದು ಅನ್ನೋದರಲ್ಲೇ ಎರಡು ವಾರ ಕಳೆಯಿತು. ಆಮೇಲೆ ಆಪರೇಷನ್. ಎದ್ದು ಕೂತವಳಿಗೆ ಅದೇ ಕಾಡಿಗೆ, ಅದೇ ಉದ್ದನೆ ಜಡೆ. "ತಲೆ ಕೊಯ್ದಿದ್ದಾರೆ, ಜಡೆ ಮಾತ್ರ ಮುಟ್ಟಿಲ್ಲ ನೋಡೋ" ಅಂತ ಅಕ್ಕ ನಕ್ಕಿದ್ದಕ್ಕೆ ಪಕ್ಕದ ಕುರ್ಚಿಯವರೂ ನಕ್ಕರು. ದಿನಾ ಬರುವ ಕಥೆ, ಕಾಯಿಲೆಯವರ ದಿನಗಳನ್ನು ತೋರಿಸೋಕೆ ಇದಕ್ಕಿಂತ ಅವಕಾಶ ಯಾರಿಗಿದೆ? ಆದರೆ ಅವರಿಗೆ ಬೇಕಿದ್ದದ್ದು ಮುಚ್ಚಿಡೋಕೆ ಒಂದು ಗುಟ್ಟು, ಅಷ್ಟೇ.

ಎರಡನೆಯದು 'ಬ್ರೇಕಿಂಗ್ ಬ್ಯಾಡ್', 2008ರಿಂದ 2013ರವರೆಗೆ ಬಂದ ಅಮೆರಿಕದ ಟಿವಿ ಸರಣಿ. ಕೆಮಿಸ್ಟ್ರಿ ಮೇಷ್ಟ್ರಿಗೆ ಶ್ವಾಸಕೋಶದ ಕ್ಯಾನ್ಸರ್. ಸಾಯೋ ಮುಂಚೆ ಮನೆಯವರಿಗೆ ದುಡ್ಡು ಮಾಡಿಡಬೇಕು ಅಂತ ಕದ್ದು ಡ್ರಗ್ಸ್ ತಯಾರಿಸೋಕೆ ಇಳಿಯುತ್ತಾನೆ. ಮೊದಲ ಸೀಸನ್ ನೋಡುವಾಗ ಅಕ್ಕ ಮಾತೇ ಆಡಲಿಲ್ಲ. ಕೆಮ್ಮು, ವಾಂತಿ, ಬಿಲ್ಲಿನ ಚಿಂತೆ, ತಲೆ ಬೋಳಿಸಿಕೊಳ್ಳೋದು, ಎಲ್ಲಾ ಇದೆ. ಎರಡನೇ ಸೀಸನ್‌ನಲ್ಲಿ ಒಂದು ದೃಶ್ಯ ಬರುತ್ತೆ. ಗೆಡ್ಡೆ ತುಂಬಾ ಕುಗ್ಗಿದೆ ಅಂತ ಡಾಕ್ಟರ್ ಹೇಳುತ್ತಾರೆ, ಮನೆಯವರೆಲ್ಲ ತಬ್ಬಿಕೊಳ್ಳುತ್ತಾರೆ. ಇವನು ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ, ಗೋಡೆಯಲ್ಲಿದ್ದ ಪೇಪರ್ ಟವೆಲ್ ಡಬ್ಬಿಗೆ ಗುದ್ದುತ್ತಾನೆ. ಒಂದಲ್ಲ, ಮತ್ತೆ ಮತ್ತೆ. ನನಗೆ ಅರ್ಥ ಆಗಲಿಲ್ಲ. ಅಕ್ಕ ಸೂಜಿ ಚುಚ್ಚದ ಕೈಯಿಂದ ಪಾಜ್ ಒತ್ತಿದಳು. "ಸಾಯ್ತೀನಿ ಅಂತ ಲೆಕ್ಕ ಹಾಕಿಯೇ ಅಷ್ಟೆಲ್ಲಾ ಮಾಡಿದ್ದು ಕಣೋ. ಈಗ ಆ ಲೆಕ್ಕ ತಗೊಂಡು ಏನು ಮಾಡ್ತಾನೆ?" ಅಂದಳು. ಅಷ್ಟು ಹೊತ್ತು ಡ್ರಿಪ್ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು.

ಆದರೆ ಆಮೇಲೆ ಕಾಯಿಲೆ ಬಹಳ ದಿನ ಪಕ್ಕಕ್ಕೆ ಸರಿಯುತ್ತೆ, ಕೊನೆಯ ಸೀಸನ್‌ನಲ್ಲಿ ಮರಳಿ ಬರುತ್ತೆ. ನಡುವೆ ಅದು ಅಪರಾಧದ ಕಥೆ. ಕಥೆಯಾಗಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಕಾಯಿಲೆಯ ಕಥೆ ಅಂತ ಕೇಳಿದರೆ ಅರ್ಧ ಮಾರ್ಕ್ಸ್ ಕೊಡಬಹುದು. ಇನ್ನೊಂದು ವಿಷಯ. ನಾವು ಒಂದೇ ಸಲ ಕೂತು ನಾಲ್ಕೈದು ಕಂತು ನೋಡುತ್ತಿದ್ದೆವು. ಸ್ಕ್ಯಾನ್ ಆದ ಐದೇ ನಿಮಿಷಕ್ಕೆ ಫಲಿತಾಂಶ! ವಾರಕ್ಕೊಂದು ಕಂತು ಬರುತ್ತಿದ್ದಾಗ ನೋಡಿದವರಿಗೆ ಕಾಯುವ ಸಂಕಟ ಸ್ವಲ್ಪವಾದರೂ ಸಿಕ್ಕಿರಬೇಕು.

ಮೂರನೆಯದು ಕಾಮಿಕ್ಸ್. ಮಾರ್ವೆಲ್ ಕಂಪನಿಯ ಥಾರ್ ಕಥೆ; ಥಾರ್ ಅಂದರೆ ಮಾಯದ ಸುತ್ತಿಗೆ ಹಿಡಿದ ಗುಡುಗಿನ ದೇವರು. ಅದರಲ್ಲಿ ಅವನ ಹಳೆಯ ಗೆಳತಿ ಜೇನ್ ಫಾಸ್ಟರ್‌ಗೆ ಸ್ತನ ಕ್ಯಾನ್ಸರ್. ಆ ಸುತ್ತಿಗೆ ಎತ್ತಿದರೆ ಅವಳೇ ಥಾರ್. ಹಾಗೆ ಬದಲಾದಾಗಲೆಲ್ಲ ಮೈಯಲ್ಲಿರುವ ಕಿಮೋ ಔಷಧಿಯೂ ವಿಷದಂತೆ ಹೊರಗೆ ಹೋಗುತ್ತೆ, ಕ್ಯಾನ್ಸರ್ ಮಾತ್ರ ಹೋಗಲ್ಲ. ಅಂದರೆ ಲೋಕ ಉಳಿಸಿದಷ್ಟು ಸಲ ತನ್ನ ಚಿಕಿತ್ಸೆ ಹಾಳು. ಈ ಒಂದು ಐಡಿಯಾಕ್ಕೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅಕ್ಕನಿಗೆ ಅಷ್ಟು ಹಿಡಿಸಲಿಲ್ಲ. ಕೊನೆಗೆ ಸತ್ತವಳನ್ನು ಮತ್ತೆ ಎಬ್ಬಿಸಿದರು ಅಂದಾಗ "ಅಲ್ವಾ, ದೇವರುಗಳ ಪರಿಚಯ ಇರಬೇಕು" ಅಂದು ಕಣ್ಣು ಮುಚ್ಚಿಕೊಂಡಳು.

ನಾಲ್ಕನೆಯದು ನಾನು ಸುಮ್ನೆ ತಂದದ್ದು. 'ಫಂಕಿ ವಿಂಕರ್‌ಬೀನ್' ಅಂತ ಪತ್ರಿಕೆಯಲ್ಲಿ ದಿನಾ ಬರುತ್ತಿದ್ದ ಅಮೆರಿಕದ ಕಾಮಿಕ್ ಸ್ಟ್ರಿಪ್. 1972ರಲ್ಲಿ ಹೈಸ್ಕೂಲ್ ಹುಡುಗರ ತಮಾಷೆಯಾಗಿ ಶುರುವಾಗಿತ್ತು. 1999ರಲ್ಲಿ ಅದರ ಲೀಸಾ ಅನ್ನೋ ಪಾತ್ರಕ್ಕೆ ಸ್ತನ ಕ್ಯಾನ್ಸರ್ ಬಂತು, ವಾಸಿಯಾಯಿತು, ವರ್ಷಗಳ ನಂತರ ತಿರುಗಿ ಬಂತು, 2007ರ ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡಳು. ನಗೋಕೆ ಇರುವ ಜಾಗದಲ್ಲಿ ಇದೆಲ್ಲಾ ಯಾಕೆ ಅಂತ ಓದುಗರು ಸಿಟ್ಟಾಗಿದ್ದೂ ಉಂಟು.

ನಾವು ಓದಿದ್ದು ಪುಸ್ತಕವಾಗಿ ಬಂದದ್ದನ್ನು. ಪುಟ ತಿರುಗಿಸೋದು ನನ್ನ ಕೆಲಸ. ದಿನಕ್ಕೆ ಮೂರ್ನಾಲ್ಕು ಚೌಕ, ಅಷ್ಟರಲ್ಲಿ ದೊಡ್ಡದೇನೂ ಆಗೋಕೆ ಸಾಧ್ಯವೇ ಇಲ್ಲ. ಅದರಿಂದಲೇ ಇದು ಗೆದ್ದಿತು ಅಂತ ನನಗನ್ನಿಸುತ್ತೆ. ಕಾಯಿಲೆ ಮನೆಯಲ್ಲಿ ದಿನವೂ ಹಾಗೇ ತಾನೇ ಇರೋದು? ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ, ಫೋನ್ ಬಂತು, ಇನ್ನೊಂದು ಸ್ಕ್ಯಾನ್ ಇದೆ, ಮಲಗು. ಎಷ್ಟೋ ದಿನ ಅಷ್ಟೇ. ವಾರಪತ್ರಿಕೆ ಕಾದಂಬರಿಗಳ ಕೆಳಗೆ "ಮುಂದುವರಿಯುವುದು" ಅಂತ ಹಾಕುತ್ತಾರಲ್ಲ, ಡಾಕ್ಟರ್ ಮುಂದಿನ ತಾರೀಕು ಬರೆದುಕೊಟ್ಟಾಗಲೆಲ್ಲ ಅಕ್ಕ ಆ ಪದ ಹೇಳುತ್ತಿದ್ದಳು.

ತಪ್ಪು ಇದರಲ್ಲೂ ಇದೆ. ಲೀಸಾ ಹೋದ ಮೇಲೆ ಕಥೆ ಹತ್ತು ವರ್ಷ ಮುಂದಕ್ಕೆ ಹಾರಿಬಿಡುತ್ತೆ. ಉಳಿದವರ ಮೊದಲ ದಿನಗಳು, ಗಂಡ ಒಬ್ಬನೇ ಎದ್ದ ಬೆಳಗು, ಇವೆಲ್ಲಾ ಆ ಹಾರಿಕೆಯಲ್ಲಿ ಹೋದವು. ಇಷ್ಟು ತಾಳ್ಮೆಯಿಂದ ಬರೆದವರು ಅಲ್ಲೇ ಯಾಕೆ ಅವಸರ ಮಾಡಿದರೋ.

ಇದನ್ನು ಅಕ್ಕನ ಹತ್ತಿರ ಚರ್ಚೆ ಮಾಡಿಲ್ಲ. ಆರನೇ ಕಿಮೋ ದಿನ ಪುಸ್ತಕದಲ್ಲಿ ಇನ್ನು ಸ್ವಲ್ಪವೇ ಪುಟ ಉಳಿದಿತ್ತು. ಅವಳು ತಲೆಯ ಸ್ಕಾರ್ಫ್‌ಗೆ ಹಾಕಿದ್ದ ಕ್ಲಿಪ್ ತೆಗೆದು ಪುಟಕ್ಕೆ ಸಿಕ್ಕಿಸಿ, "ಸಾಕು, ಇಟ್ಟಿರು" ಅಂದಳು. ಈಗ ಕೂದಲು ಒಂದು ಬೆರಳಿನಷ್ಟು ಬೆಳೆದಿದೆ. ಕ್ಲಿಪ್ ಇನ್ನೂ ಆ ಪುಟದಲ್ಲೇ ಇದೆ.