ಬ್ಯಾಡಗಿ ಪೇಟೆಯ ಧೂಳಿನಲ್ಲಿ ನನ್ನ ಫ್ಲಿಪ್ ಫೋನ್, 2009ರಿಂದ

2009ರ ದೀಪಾವಳಿಗೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ₹4,300 ಕೊಟ್ಟು ತಂದ ಮಡಚುವ ಫೋನು ಇನ್ನೂ ನನ್ನ ಅಂಗಿ ಕಿಸೆಯಲ್ಲಿದೆ. ಮಡಚುವ ಫೋನ್ ಅಂದ ಕೂಡಲೇ ಎಲ್ಲರೂ 2004ರಲ್ಲಿ ಬಂದ ಮೋಟೊರೋಲ ರೇಜರ್ ಹೆಸರು ತೆಗೆಯುತ್ತಾರೆ. ಅದು ಮಡಚಿದಾಗ 14 ಮಿಲಿಮೀಟರಿಗಿಂತ ತೆಳ್ಳಗಿತ್ತು. ನನ್ನದು ಬೇರೆ ಕಂಪನಿಯದು, ಸಾದಾ ಪ್ಲಾಸ್ಟಿಕ್ ಮೈಯ 2ಜಿ ಸೆಟ್, ಅದಕ್ಕಿಂತ ದಪ್ಪ. ಆ ಮಾಡೆಲ್ ಈಗ ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಈ ಜಾತಿಯ ಫೋನು ಇಷ್ಟು ವರ್ಷ ಬಳಸಿದ ಮೇಲೆ ಹೇಗಿರುತ್ತದೆ ಎಂಬುದನ್ನೇ ಬರೆಯುತ್ತೇನೆ.

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಸುಗ್ಗಿಯಲ್ಲಿ ಚೀಲದ ಮೇಲೆ ಚೀಲ ಬಿಚ್ಚಿ ಸುರಿದಾಗ ಘಾಟು ಯಾರನ್ನೂ ಬಿಡುವುದಿಲ್ಲ. ಕೆಂಪು ಧೂಳು ಕಣ್ಣಿಗೆ, ಕೊರಳಿಗೆ, ಲೆಕ್ಕದ ಪುಸ್ತಕಕ್ಕೆ, ಎಲ್ಲಕ್ಕೂ ಹತ್ತುತ್ತದೆ. ಈ ಫೋನಿನ ಅತಿ ದೊಡ್ಡ ಗುಣ ನನಗೆ ಗೊತ್ತಾದದ್ದು ಇಲ್ಲಿಯೇ. ಮುಚ್ಚಿದಾಗ ಪರದೆಯೂ ಗುಂಡಿಗಳೂ ಒಳಗೆ ಉಳಿಯುತ್ತವೆ. ಜೊತೆಯವರ ಟಚ್ ಫೋನುಗಳ ಗಾಜಿನ ಮೇಲೆ ಪುಡಿ ಕೂತು, ಬೆವರಿನ ಬೆರಳು ತಾಗಿ, ಒಂದು ಒತ್ತಿದರೆ ಇನ್ನೊಂದು ಆಗುವುದನ್ನು ದಿನಾ ನೋಡುತ್ತೇನೆ. ನನ್ನ ಪರದೆಯ ಮೇಲೆ ಇವತ್ತಿಗೂ ಒಂದು ಗೀರಿಲ್ಲ. ಗುಂಡಿಗಳನ್ನು ನೋಡುವ ಅಗತ್ಯವೂ ಇಲ್ಲ. 5ರ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸಿಕ್ಕರೆ ಸಾಕು, ಕಣ್ಣು ಕಾಟಾದ ಮೇಲಿಟ್ಟುಕೊಂಡೇ ನಂಬರ್ ಒತ್ತಿ ಫೋನ್ ಹಚ್ಚಬಹುದು.

ಮಾತು ಕೇಳುವ ವಿಷಯದಲ್ಲಿ ಇದಕ್ಕೆ ಸರಿಸಾಟಿ ಇಲ್ಲ ಎಂದೇ ಹೇಳುತ್ತೇನೆ. ಬಿಚ್ಚಿದರೆ ಕಿವಿಯ ಬಳಿ ಸ್ಪೀಕರ್, ಬಾಯಿಯ ಹತ್ತಿರವೇ ಮೈಕ್. ಲಾರಿ ಹಾರ್ನ್, ಹಮಾಲರ ಕೂಗು, ಇವುಗಳ ನಡುವೆ ರೋಣದ ರೈತರೊಬ್ಬರು ಫೋನ್ ಹಚ್ಚಿ "ತಮ್ಮಾ, ನಮ್ಮ ಲಾಟ್ ಎಷ್ಟಕ್ಕ ಹೋತು?" ಎಂದರೆ ಒಂದೊಂದು ಅಕ್ಷರವೂ ಕೇಳುತ್ತದೆ, ನಾನು ಹೇಳಿದ ದರವೂ ಅವರಿಗೆ ತಪ್ಪಿಲ್ಲದೆ ಮುಟ್ಟುತ್ತದೆ. ದರದ ಮಾತಿನಲ್ಲಿ ಒಂದು ಅಂಕಿ ತಪ್ಪಿ ಕೇಳಿದರೂ ಜಗಳ.

ಇನ್ನು ಕೊರತೆ. ಮೇಲಿನ ಮಡಿಕೆಗೂ ಕೆಳಗಿನ ಮಡಿಕೆಗೂ ನಡುವೆ, ಕೀಲಿನೊಳಗೆ ಒಂದು ತೆಳು ಪಟ್ಟಿ ಹಾದುಹೋಗುತ್ತದೆ. ರಿಪೇರಿಯವರು ಅದಕ್ಕೆ ಸ್ಟ್ರಿಪ್ ಅನ್ನುತ್ತಾರೆ. ಪರದೆಗೆ ಚಿತ್ರವೂ ಕಿವಿಗೆ ಧ್ವನಿಯೂ ಹೋಗುವುದು ಅದರ ಮೂಲಕ. ಬಿಚ್ಚಿ ಮುಚ್ಚಿದಾಗಲೆಲ್ಲ ಅದು ಬಾಗುತ್ತದೆ. ದಿನಕ್ಕೆ 50 ಸಲ ಅಂದರೂ ವರ್ಷಕ್ಕೆ 18,000 ಸಲ ಮೀರುತ್ತದೆ. ನನ್ನದು ಆರನೇ ವರ್ಷಕ್ಕೆ ಸೋತಿತು. ಪೂರ್ತಿ ಬಿಚ್ಚಿದರೆ ಪರದೆ ಬೆಳ್ಳಗಾಗುತ್ತಿತ್ತು, ಅರ್ಧಕ್ಕೆ ತಂದರೆ ಸರಿಯಾಗುತ್ತಿತ್ತು. ಮೊದಲು ಹೋದ ಅಂಗಡಿಯಲ್ಲಿ ಡಿಸ್‌ಪ್ಲೇ ಹೋಗಿದೆ ಎಂದು ಡಿಸ್‌ಪ್ಲೇ ಬದಲಿಸಿ ₹700 ತೆಗೆದುಕೊಂಡರು, ವಾರದಲ್ಲೇ ಮತ್ತೆ ಅದೇ ಕತೆ. ಆಮೇಲೆ ಹಾವೇರಿಯಲ್ಲಿ ಒಬ್ಬರು ಕೀಲು ಬಿಚ್ಚಿ, ಒಳಗೆ ಕೂತಿದ್ದ ಕೆಂಪು ಪುಡಿಯನ್ನು ಬ್ರಶ್‌ನಿಂದ ತೆಗೆದು ತೋರಿಸಿ, ₹180ಕ್ಕೆ ಸ್ಟ್ರಿಪ್ ಹಾಕಿಕೊಟ್ಟರು. ಪರದೆಯನ್ನು ಕಾಪಾಡಿದ ಮಡಿಕೆಗೆ ತನ್ನ ಕೀಲನ್ನು ಕಾಪಾಡಿಕೊಳ್ಳಲು ಆಗುವುದಿಲ್ಲ. ಈಗ ಎರಡನೇ ಸ್ಟ್ರಿಪ್ ನಡೆಯುತ್ತಿದೆ. ಒಂದು ಕೈಯಿಂದ ಝಾಡಿಸಿ ಬಿಚ್ಚುವ ಚಟ ಬಿಟ್ಟಿದ್ದೇನೆ.

ನನಗೆ ಎಲ್ಲಕ್ಕಿಂತ ನೋವು ಕೊಟ್ಟ ಕೊರತೆ ಕನ್ನಡದ್ದು. ಮಗಳು ಧಾರವಾಡದ ಹಾಸ್ಟೆಲ್ ಸೇರಿದ ವರ್ಷ ಕನ್ನಡದಲ್ಲೇ ಮೆಸೇಜ್ ಮಾಡುತ್ತಿದ್ದಳು. ನನ್ನ ಪರದೆಯ ಮೇಲೆ ಬರೀ ಚೌಕಗಳು. ಈ ಸೆಟ್‌ನಲ್ಲಿ ಕನ್ನಡ ಲಿಪಿಯೇ ಇಲ್ಲ. ಮೊದಲ ಐದು ಚೌಕ "ಅಪ್ಪಾ" ಎಂದು ಅವಳೇ ಹೇಳಿಕೊಟ್ಟಳು: ಅ, ಪ, ಒತ್ತಿನದು, ಮತ್ತೊಂದು ಪ, ದೀರ್ಘ. ಐದು ಚೌಕ ಕಂಡ ಕೂಡಲೇ ಹೊರಗೆ ಬಂದು ಅವಳಿಗೆ ಫೋನ್ ಹಚ್ಚುತ್ತಿದ್ದೆ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಕಾಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆ. ಮೇಲಾಗಿ ಒಂದೊಂದು ಎಣಿಕೆಯೂ ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ, ಇಂಗ್ಲಿಷ್ ಅಕ್ಷರದಲ್ಲಿ 160 ಹಿಡಿಯುವ ಒಂದು ಎಸ್‌ಎಂಎಸ್ ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ. ನಾವಿಬ್ಬರೂ ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದಕ್ಕೆ ಇಳಿದೆವು. ಆದರೂ ತಾಯ್ನುಡಿ ಓದಲಾಗದ ಫೋನನ್ನು ಕನ್ನಡ ನಾಡಿನ ಹಳ್ಳಿ ಹಳ್ಳಿಗೂ ಮಾರಿದರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ರೇಡಿಯೊದಲ್ಲೂ ಹಾಗೆಯೇ ಒಂದು ಆಸೆ ಉಳಿಯಿತು. ಎಫ್‌ಎಂ ಇದೆ, ಇಯರ್‌ಫೋನ್ ಚುಚ್ಚಿದರೆ ಅದರ ವೈರೇ ಆಂಟೆನಾ. ನಾನು ಚಿಕ್ಕಂದಿನಿಂದ ಕೇಳಿದ ಧಾರವಾಡ ಆಕಾಶವಾಣಿ ಇರುವುದು ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನಲ್ಲಿ. ಅದು ಇದರಲ್ಲಿ ಬರುವುದಿಲ್ಲ. ಕ್ಯಾಮೆರಾ ಹೆಸರಿಗಷ್ಟೇ.

ಸಿಮ್ ಬಗ್ಗೆ ತಿಳಿದಿರಬೇಕು. 2016ರಲ್ಲಿ ಬಂದ ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಇಂಥ ಸೆಟ್‌ನಲ್ಲಿ ನಡೆಯುವುದಿಲ್ಲ. ಏರ್‌ಟೆಲ್ 3ಜಿ ನಿಲ್ಲಿಸಿದಾಗಲೂ 2ಜಿ ಉಳಿಸಿಕೊಂಡಿತು, ನನ್ನ ಫೋನು ಬದುಕಿರುವುದು ಅದರಿಂದ. ಹಣ ಕಳಿಸಲು *99# ಒತ್ತುತ್ತೇನೆ. ಇಂಟರ್ನೆಟ್ ಬೇಡ, ಒಂದು ಸಲಕ್ಕೆ ₹5,000 ಮಿತಿ. ನಡುವೆ ತಡವಾದರೆ ಕಡಿದುಹೋಗಿ ಮತ್ತೆ ಮೊದಲಿನಿಂದ ಒತ್ತಬೇಕು. ಕ್ಯೂಆರ್ ಕೋಡ್, ವಾಟ್ಸ್‌ಆ್ಯಪ್ ಬೇಕಾದಾಗ ಅಂಗಡಿಯ ದೊಡ್ಡ ಫೋನೇ ಗತಿ.

ಬ್ಯಾಟರಿ ಹೊಸದರಲ್ಲಿ ನಾಲ್ಕು ದಿನ ಬರುತ್ತಿತ್ತು. ಈಗಿನದು ಮೂರನೆಯದು, ಒಂದೂವರೆ ದಿನ ತಾಳುತ್ತದೆ. ನಡುವೆ ಹಾಕಿದ ಒಂದು ಡುಪ್ಲಿಕೇಟ್ ಬ್ಯಾಟರಿ ಎಂಟು ತಿಂಗಳಲ್ಲಿ ಉಬ್ಬಿ ಹಿಂದಿನ ಮುಚ್ಚಳ ಕೂರದಂತಾಯಿತು. ಅದನ್ನು ಕಂಡ ದಿನವೇ ತೆಗೆದೆ, ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಬಾರದು.

ಇಂಥ ಫೋನನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಫೋನ್ ಹಚ್ಚಿ, ಮಾತಾಡುತ್ತಲೇ ಮೇಲಿನ ಮಡಿಕೆಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡಿ. ಧ್ವನಿ ಕಡಿದರೆ ಅಥವಾ ಪರದೆ ಮಿಣುಕಿದರೆ ಸ್ಟ್ರಿಪ್ ಕೊನೆಗೆ ಬಂದಿದೆ. ಆಮೇಲೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಸಪಾಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯ ಹಾಗೆ ತಿರುಗಿದರೆ ಅದು ಉಬ್ಬಿದೆ.