ಹಳೆಯ ಫ್ರೆಂಚ್ ರೇಸ್ ಸೈಕಲ್ಲಿಗೆ ಟ್ಯಾಪ್ ಹಾಕಲು ಬಿಡಬೇಡಿ

ಎಪ್ಪತ್ತರ ದಶಕದ ಪ್ಯೂಜೊ ಪಿಎಕ್ಸ್-10 ರೇಸ್ ಸೈಕಲ್ ನಿಮ್ಮ ಬಳಿ ಇದ್ದು, ಅದಕ್ಕೆ ಹೊಸ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಹೊಸ ಗೇರ್ ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ಇದನ್ನು ಓದಿ. ಫ್ರಾನ್ಸಿನಿಂದ ಜೋಪಾನವಾಗಿ ತಂದಿದ್ದ ನನ್ನ ಸೈಕಲ್ಲಿನ ಬಾಟಮ್ ಬ್ರಾಕೆಟ್ (ಎರಡು ಕ್ರ್ಯಾಂಕ್‌ಗಳ ನಡುವೆ, ಫ್ರೇಮಿನ ಒಳಗೆ ತಿರುಗುವ ಅಚ್ಚಿನ ಜೋಡಣೆ) ಕೂರುವ ಥ್ರೆಡ್ಡನ್ನು ಬೆಂಗಳೂರಿನ ಅಂಗಡಿಯೊಂದು ಟ್ಯಾಪ್ ಹಾಕಿ, ಅಂದರೆ ಥ್ರೆಡ್ ಕೊರೆಯುವ ಉಪಕರಣ ತಿರುಗಿಸಿ, ಹಾಳುಮಾಡಿತು. ಫ್ರೆಂಚ್ ಸೈಕಲ್ ಪಟು ಬರ್ನಾರ್ ತೆವನೆ 1975 ಮತ್ತು 1977ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಪ್ಯೂಜೊ ತಂಡದಲ್ಲಿದ್ದಾಗಲೇ. ಆ ಕಾಲದ, ರೆನಾಲ್ಡ್ಸ್ 531 ಉಕ್ಕಿನ ಫ್ರೇಮ್ ಅದು. ಅಂಥದ್ದು ಮತ್ತೆ ತಯಾರಾಗುವುದಿಲ್ಲ.

ಅಂದಿನ ಫ್ರೆಂಚ್ ಥ್ರೆಡ್ಡಿನ ವ್ಯಾಸ 35 ಮಿ.ಮೀ., ಸುತ್ತಿಗೂ ಸುತ್ತಿಗೂ ಅಂತರ 1 ಮಿ.ಮೀ., ಎರಡೂ ಬದಿಯಲ್ಲಿ ಬಲಕ್ಕೆ ತಿರುಗಿಸಿದರೆ ಬಿಗಿ. ಇಂದು ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಅಳತೆ: 1.37 ಇಂಚು, ಅಂದರೆ ಸುಮಾರು 34.8 ಮಿ.ಮೀ., ಇಂಚಿಗೆ 24 ಸುತ್ತು. ಅದರ ಚೈನ್ ಬದಿಯ ಕಪ್ (ಬಾಟಮ್ ಬ್ರಾಕೆಟ್ಟನ್ನು ಫ್ರೇಮಿಗೆ ಬಿಗಿಯುವ, ಥ್ರೆಡ್ ಇರುವ ಬಟ್ಟಲು) ಎಡಕ್ಕೆ ತಿರುಗಿಸಿದರೆ ಬಿಗಿ. ವ್ಯತ್ಯಾಸ ಕೂದಲೆಳೆಯಷ್ಟು. ಆದ್ದರಿಂದಲೇ ಫ್ರೆಂಚ್ ಫ್ರೇಮಿಗೆ ಇಂಗ್ಲಿಷ್ ಅಳತೆಯದನ್ನು ಹಾಕಿದರೆ ಎಡಬದಿಯ ಕಪ್ ಒಂದೆರಡು ಸುತ್ತು ಒಳಗೆ ಹೋಗಿ ನಿಲ್ಲುತ್ತದೆ, ನೋಡುವವರಿಗೆ ಅದು ಹಳೆಯ ತುಕ್ಕಿನಂತೆ ಕಾಣುತ್ತದೆ.

ಅಂಗಡಿಯವರೂ ಹಾಗೆಯೇ ತಿಳಿದರು. "ತುಕ್ಕು ಹಿಡಿದಿದೆ ಸರ್, ಟ್ಯಾಪ್ ಹಾಕಿದ್ದೇವೆ, ಆದರೂ ಕಪ್ ನಿಲ್ಲುತ್ತಿಲ್ಲ" ಎಂದು ಫೋನ್ ಬಂದಾಗ ಕೆಲಸ ಕೆಟ್ಟಾಗಿತ್ತು. ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಚೈನ್ ಬದಿಯಲ್ಲಿ ಬಲಮುಖದ ಹಳೆಯ ಸುತ್ತುಗಳನ್ನು ಎಡಮುಖದ ಟ್ಯಾಪ್ ಓರೆಯಾಗಿ ಕತ್ತರಿಸಿತ್ತು. ಉದ್ದಕ್ಕೂ ಸಣ್ಣ ಸಣ್ಣ ಮೊನೆಗಳು ಮಾತ್ರ ಉಳಿದಿದ್ದವು, ಗ್ರೀಸಿನಲ್ಲಿ ಉಕ್ಕಿನ ಚೂರುಗಳು ಹೊಳೆಯುತ್ತಿದ್ದವು. ಹೊಟ್ಟೆ ಉರಿದುಹೋಯಿತು. ಕೂಲಿ ಬೇಡವೆಂದರು, ಫ್ರೇಮಿಗೆ ತಾವು ಹೊಣೆಯಲ್ಲವೆಂದರು. ವರ್ನಿಯರ್ ಕ್ಯಾಲಿಪರ್ ಇಟ್ಟು ಹಳೆಯ ಕಪ್ಪನ್ನು ಅಳೆಯಲು ಒಂದು ನಿಮಿಷ ಸಾಕಿತ್ತು.

ಇಂಥ ಸೈಕಲ್ಲಿನಲ್ಲಿ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಪೆಡಲ್ ಥ್ರೆಡ್ 14 ಮಿ.ಮೀ., ಈಗಿನದು 9/16 ಇಂಚು. ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ 22.0 ಮಿ.ಮೀ., ಈಗಿನದು 22.2, ಬಲವಂತವಾಗಿ ತುರುಕಲು ಬಿಡಬೇಡಿ. ಹಳೆಯ ಸ್ಟ್ರಾಂಗ್‌ಲೈಟ್ ಕಂಪನಿಯ ಕ್ರ್ಯಾಂಕ್ ಬಿಚ್ಚಲು 23.35 ಮಿ.ಮೀ. ಪುಲ್ಲರ್ (ಎಳೆದು ತೆಗೆಯುವ ಸಾಧನ) ಬೇಕು, ಸಾಮಾನ್ಯ 22 ಮಿ.ಮೀ. ಪುಲ್ಲರ್ ನಡೆಯುವುದಿಲ್ಲ. ಹಿಂಚಕ್ರದ ಜಾಗವನ್ನು 120ರಿಂದ 130 ಮಿ.ಮೀ.ಗೆ ಅಗಲಿಸುವುದು ಉಕ್ಕಿನ ಫ್ರೇಮಿನಲ್ಲಿ ಸಾಧ್ಯ, ಆದರೆ ಎರಡೂ ಬದಿ ಸಮನಾಗಿ ಸರಿದಿದೆಯೇ ಎಂದು ನೂಲು ಕಟ್ಟಿ ನೋಡಲೇಬೇಕು. ವಿಟಸ್ 979ರಂಥ ಅಂಟಿಸಿದ ಅಲ್ಯೂಮಿನಿಯಂ ಫ್ರೇಮನ್ನಂತೂ ಅಗಲಿಸಲೇಬಾರದು.

ಅಂಗಡಿಗೆ ಕೊಡುವಾಗ ಜಾಬ್ ಕಾರ್ಡಿನಲ್ಲಿ "ಫ್ರೆಂಚ್ ಥ್ರೆಡ್, ಕೇಳದೆ ಟ್ಯಾಪ್ ಹಾಕಬಾರದು" ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಈಗಾಗಲೇ ಕೆಟ್ಟಿದ್ದರೆ 36 ಮಿ.ಮೀ. ಇಟಾಲಿಯನ್ ಅಳತೆಗೆ ಕೊರೆಸಬಹುದು, ಆದರೆ ಅಲ್ಲಿಂದ ಹಿಂದಿರುಗಲಾಗದು. ಥ್ರೆಡ್ ಇಲ್ಲದೆ ಒಳಗಿನಿಂದ ಬಿಗಿದು ನಿಲ್ಲುವ ಬಾಟಮ್ ಬ್ರಾಕೆಟ್ ಕೂಡ ಸಿಗುತ್ತದೆ. ನಾನು ಅದನ್ನೇ ಹಾಕಿಸಿದ್ದೇನೆ.