ನಗೆಪದ ಹೇಳುವ ನಾಲ್ಕು ಗಂಟಲಿಗೆ ಎಸ್‌ಎಂ58 ಹೊಂದುತ್ತದೆಯೇ?

ದೀಪಾವಳಿಯಲ್ಲಿ ಮನೆಮನೆಗೆ ಹಾಡುತ್ತಾ ಬರುವ ಅಂಟಿಗೆ-ಪಂಟಿಗೆಯವರಿಗೆ ಮೈಕು ಬೇಕಿರಲಿಲ್ಲ. ದೀಪ ಹಿಡಿದು ಅಂಗಳಕ್ಕೆ ಬಂದು, ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಎತ್ತಿಕೊಂಡರೆ ಜಗುಲಿಯಲ್ಲಿ ಕೂತವರಿಗೆ ಅಕ್ಷರಕ್ಷರ ಕೇಳುತ್ತಿತ್ತು. ಅದೇ ಧಾಟಿಗೆ ಮೂರು ನಾಲ್ಕು ಸ್ವರ ಕೂಡಿಸಿ, ಬಾಯಲ್ಲೇ ಡೊಳ್ಳು ಬಾರಿಸಿ, ನಡುವೆ ಬಸ್ ಕಂಡಕ್ಟರನ ಅಣಕ ಸೇರಿಸಿ ಈ ದೀಪಾವಳಿಗೆ ಸಭಾಂಗಣದ ವೇದಿಕೆ ಹತ್ತುವ ಗುಂಪಿನ ಪಾಡು ಬೇರೆ. ಸ್ವರ ತುಸು ಜಾರಿದರೆ ಜನ ಕ್ಷಮಿಸುತ್ತಾರೆ. ಚಟಾಕಿಯ ಕೊನೇ ಪದ ಹಿಂದಿನ ಸಾಲಿಗೆ ಮುಟ್ಟದಿದ್ದರೆ ನಗಲು ಏನೂ ಉಳಿಯುವುದಿಲ್ಲ. ಶೂರ್ ಕಂಪನಿಯ ಎಸ್‌ಎಂ58 ಮೈಕನ್ನು ಇಲ್ಲಿ ತೂಗಿರುವುದು ಆ ಒಂದೇ ತಕ್ಕಡಿಯಲ್ಲಿ.

1966ರಿಂದ ಮಾರುಕಟ್ಟೆಯಲ್ಲಿರುವ ಡೈನಮಿಕ್ ಮೈಕು ಇದು. ತೂಕ 298 ಗ್ರಾಂ, ಹಿಡಿಯುವ ವ್ಯಾಪ್ತಿ 50ರಿಂದ 15,000 ಹರ್ಟ್ಸ್. ಮೇಲಿನ ಮಧ್ಯ ಭಾಗ ಬೇಕೆಂದೇ ತುಸು ಎತ್ತರಿಸಿದೆ, ಹಾಗಾಗಿ ಚ, ತ, ಟಗಳು ಗದ್ದಲದಲ್ಲೂ ಎದ್ದು ಕೇಳುತ್ತವೆ. ಮಾತೇ ಮುಖ್ಯವಾದ ಹಾಡಿಗೆ ಇದು ದೊಡ್ಡ ಅನುಕೂಲ. ಫ್ಯಾಂಟಮ್ ಪವರ್, ಅಂದರೆ ಮಿಕ್ಸರಿನಿಂದ ಕೇಬಲ್ ಮೂಲಕ ಮೈಕಿಗೆ ಬರುವ ವಿದ್ಯುತ್ತು, ಬೇಡ. ಸ್ವಿಚ್ ಇರುವ ಮಾದರಿಯೂ ಸಿಗುತ್ತದೆ, ಕೊಳ್ಳಬೇಡಿ: ಕುಣಿಯುತ್ತಾ ಹಾಡುವವರ ಹೆಬ್ಬೆರಳು ಸರಿಯಾಗಿ ಚಟಾಕಿಯ ಹೊತ್ತಿಗೇ ಅದರ ಮೇಲೆ ಹೋಗಿರುತ್ತದೆ.

ತೊಂದರೆ ಹುಟ್ಟುವುದು ಹಿಡಿಯುವ ರೀತಿಯಲ್ಲಿ. ತುಟಿಗೆ ಅಂಟಿಸಿಕೊಂಡರೆ ತಗ್ಗಿನ ಸ್ವರ ಉಬ್ಬುತ್ತದೆ. ಒಬ್ಬರಿಗೆ ಅದು ಚೆಂದ. ನಾಲ್ವರೂ ಹಾಗೆ ಮಾಡಿದರೆ ಸಾಹಿತ್ಯವೆಲ್ಲ ಹಂಡೆಯೊಳಗಿಂದ ಕೇಳಿದಂತಾಗುತ್ತದೆ. ಬಾಯಿಂದ ನಾಲ್ಕೈದು ಸೆಂಟಿಮೀಟರ್ ದೂರವಿಟ್ಟು, ಗಲ್ಲದ ಕಡೆಯಿಂದ ಓರೆಯಾಗಿ ಹಿಡಿದರೆ ಪ, ಫ, ಭಗಳ ಗಾಳಿ ನೇರ ಬಡಿಯುವುದಿಲ್ಲ. ಮಿಕ್ಸರಿನಲ್ಲಿ ತಗ್ಗಿನ ಸದ್ದು ಕತ್ತರಿಸುವ ಲೋ-ಕಟ್ 100 ಹರ್ಟ್ಸ್ ಸುತ್ತ ಇರಲಿ. ಮಂದ್ರ ಹಾಡುವವರ ಮೈಕಿಗೆ ಮಾತ್ರ ಅದನ್ನು 80ರ ಕೆಳಗಿಳಿಸಿ, ಇಲ್ಲದಿದ್ದರೆ ಸ್ವರಮೇಳದ ಬುಡವೇ ಹೋಗುತ್ತದೆ. ಬಾಯಿ-ಮೈಕಿನ ಅಂತರ ಇಮ್ಮಡಿಯಾದರೆ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಪಕ್ಕದವನ ಮುಖ ನೋಡಿ ನಗುತ್ತಾ ಕತ್ತು ತಿರುಗಿಸುವವರು ಮೈಕನ್ನೂ ಬಾಯಿಯ ಜತೆಗೇ ತಿರುಗಿಸುವುದನ್ನು ತಾಲೀಮಿನಲ್ಲೇ ರೂಢಿ ಮಾಡಿಕೊಳ್ಳಬೇಕು.

ಅಣಕಕ್ಕೆಂದು ಜಾಲರಿಯನ್ನು ಅಂಗೈಯಿಂದ ಮುಚ್ಚುವವರಿದ್ದಾರೆ. ರೈಲ್ವೆ ನಿಲ್ದಾಣದ ಘೋಷಣೆಯ ಸ್ವರ ಬರುತ್ತದೆ, ನಿಜ. ಆದರೆ ಈ ಮೈಕು ಹಿಂದಿನ ಸದ್ದನ್ನು ಬಿಟ್ಟು ಮುಂದಿನದನ್ನು ಹಿಡಿಯುವುದೇ ಜಾಲರಿಯ ಹಿಂಭಾಗದಿಂದ ಗಾಳಿ ಒಳಹೋಗುವುದರಿಂದ. ಆ ದಾರಿ ಮುಚ್ಚಿದೊಡನೆ ಸುತ್ತಲಿನದ್ದೆಲ್ಲ ನುಗ್ಗಿ ಸ್ಪೀಕರ್ ಕೂಗಿಕೊಳ್ಳುತ್ತದೆ. ಆ ಸ್ವರ ಬೇಕೇ ಬೇಕಿದ್ದರೆ ಮೂಗು ಹಿಡಿದು ಮಾತಾಡಿ, ಖರ್ಚಿಲ್ಲ.

ಹಾಡುವವರಿಗೇ ಕೇಳಲೆಂದು ಅವರತ್ತ ತಿರುಗಿಸಿದ ಮಾನಿಟರ್ ಸ್ಪೀಕರನ್ನು ಮೈಕಿನ ಬಾಲಕ್ಕೆ ನೇರವಾಗಿ ಇಡಬೇಕು. ಇದರ ಕಿವುಡು ಇರುವುದು ಅಲ್ಲೇ. ಬಾಡಿಗೆಯವರು ಶೂರ್‌ನದೇ ಇನ್ನೊಂದು ಮೈಕು ಬೀಟಾ 58ಎ ತಂದರೆ ಈ ಲೆಕ್ಕ ತಪ್ಪುತ್ತದೆ, ಅದರ ಕಿವುಡು ಹಿಂದಿನ ಎರಡು ಓರೆಗಳಲ್ಲಿ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದ ಹಾಗೆಲ್ಲ ಕೂಗು ಬರುವ ಮುನ್ನ ವಾಲ್ಯೂಮ್ ಏರಿಸಲು ಸಿಗುವ ಜಾಗ 3 ಡೆಸಿಬಲ್ ಕಡಿಮೆ. ಒಂದರ ಬದಲು ನಾಲ್ಕು ತೆರೆದಿದ್ದರೆ 6 ಹೋಯಿತು. ಒಬ್ಬರೇ ಮಾತಾಡುವ ಭಾಗದಲ್ಲಿ ಉಳಿದ ಮೂರನ್ನು ಇಳಿಸಲು ಮಿಕ್ಸರ್ ಮುಂದೆ ಸಾಹಿತ್ಯದ ಹಾಳೆ ಹಿಡಿದ ಒಬ್ಬರು ಕೂರಲೇಬೇಕು. ಶಾಮಿಯಾನದ ಜತೆ ಬರುವ ಸೌಂಡಿನವರ ಕೈಗೆ ಇಷ್ಟು ಬಿಟ್ಟುಬಿಡುವುದು ಗುಂಪುಗಳ ಹಳೇ ಚಾಳಿ.

ಅವರು ತರುವ ಕೇಬಲನ್ನೂ ನೋಡಿ. ಎರಡೂ ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರಲಿ. ಒಂದು ತುದಿ ಗಿಟಾರಿನ ಜ್ಯಾಕ್ ಆಗಿದ್ದರೆ, ವೇದಿಕೆಯಿಂದ ಮಿಕ್ಸರ್‌ವರೆಗಿನ ಉದ್ದಕ್ಕೂ ಸೀರಿಯಲ್ ದೀಪದ ವೈರುಗಳ ಗುಂಯ್‌ಗುಡುವಿಕೆಯೆಲ್ಲ ಅದರಲ್ಲಿ ಸೇರುತ್ತದೆ. ಜತೆಗೆ ಕೇಬಲ್ ಕೊಡದ ಮಾದರಿಯ ಪೆಟ್ಟಿಗೆಯಲ್ಲಿ ಮೈಕು, ಸ್ಟ್ಯಾಂಡಿನ ಕ್ಲಿಪ್, ಅಡಾಪ್ಟರ್, ಚೀಲ ಅಷ್ಟೇ ಇರುತ್ತವೆ. ನಕಲಿ ಹೇರಳ, ಕೈಗೆ ಹಗುರವೆನಿಸಿದರೆ ತೂಗಿ ನೋಡಿ.

ಮಲೆನಾಡಿನಲ್ಲಿ ಇದರ ಶತ್ರು ಥಂಡಿ. ಜಾಲರಿಯೊಳಗಿನ ಸ್ಪಂಜು ಎಂಜಲನ್ನೂ ತೇವವನ್ನೂ ಕುಡಿದು ಬೂಸಲು ಹಿಡಿಯುತ್ತದೆ. ಜಾಲರಿ ತಿರುಗಿಸಿ ಬಿಚ್ಚಿ, ಅದನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಒಳಗಿನ ಪೊರೆಗೆ ಹನಿ ನೀರೂ ತಾಗಬಾರದು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಒಣಗಿಸುವ ಜಾಣತನ ಬೇಡ, ಸ್ಪಂಜು ಸುಟ್ಟೀತು. ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ.

ನಾಲ್ವರೂ ಒಂದೇ ಮೈಕಿನ ಸುತ್ತ ನಿಂತು ಹಾಡುವ ಶೈಲಿಗೆ ಮಾತ್ರ ಇದು ಆಗದು, ಬದಿಯವರ ಸ್ವರ ಕಳೆದುಹೋಗುತ್ತದೆ. ಅದಕ್ಕೆ ದೂರದ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ಕಂಡೆನ್ಸರ್ ಮೈಕು ಬೇಕು. ಇನ್ನು ಜಿಂಕ್ ಶೀಟಿನ ಚಾವಣಿಯ ಮೇಲೆ ಮಳೆ ಹುಯ್ಯತೊಡಗಿದರೆ ಯಾವ ಮೈಕೂ ನಿಲ್ಲುವುದಿಲ್ಲ. ವಾಲ್ಯೂಮ್ ಏರಿಸಿದರೆ ಕೂಗಷ್ಟೇ ಹೆಚ್ಚುತ್ತದೆ. ಅದು ಹೊಳವಾಗುವವರೆಗೆ ಜನಕ್ಕೆಲ್ಲ ಒಂದು ಸುತ್ತು ಕಷಾಯ ಕೊಡಿಸಿ.